ಹಸಿರು ಬಾಣ ತೋರಿಸಿದ್ದು

"ಆ ಕುರ್ಚಿಯಿಂದ ಏಳಿ."

ಅಂದೇ ಕೆಲಸಕ್ಕೆ ಸೇರಿದ್ದ ಹೊಸ ಡಾಕ್ಟರು ಬೆಚ್ಚಿ ಮೈಕ್ರೋಸ್ಕೋಪಿನಿಂದ ತಲೆಯೆತ್ತಿದ. ಬಾಗಿಲಲ್ಲಿ ಲ್ಯಾಬಿನ ಹಿರಿಯ ಡಾಕ್ಟರಮ್ಮ ನಿಂತಿದ್ದಳು. ಬಿಳಿ ಕೋಟು, ಕೆಂಡದಂಥ ಕಣ್ಣು. ಲ್ಯಾಬಿನವರು ಬೆನ್ನ ಹಿಂದೆ ಅವಳನ್ನು ಸಿಡುಕಮ್ಮ ಎನ್ನುತ್ತಿದ್ದುದು ಸುಮ್ಮನೆ ಅಲ್ಲ.

"ಮೈಕ್ರೋಸ್ಕೋಪ್ ಎಲ್ಲರದ್ದೂ ಅಲ್ವಾ ಮೇಡಂ?"

"ಮೈಕ್ರೋಸ್ಕೋಪ್ ಎಲ್ಲರದ್ದು. ಕುರ್ಚಿ ನಂದು."

ಅವನು ನಕ್ಕುಬಿಟ್ಟ. ಅಯ್ಯೋ, ಈ ನಗುವನ್ನು ದಿನಾ ಎದುರಿಗೆ ಕೂರಿಸಿಕೊಂಡು ಕೆಲಸ ಮಾಡಬೇಕಾ... ಅವಳ ಮನಸ್ಸು ಅಂದೇ ಗೊಣಗಿತು.

ಕೂರಿಸಿಕೊಳ್ಳಲೇಬೇಕಿತ್ತು. ಮಕ್ಕಳಾಗದ ಹೆಂಗಸರ ಗರ್ಭಕೋಶದ ಒಳಪದರದಿಂದ ತೆಗೆದ ಚೂರುಗಳನ್ನು ಪರೀಕ್ಷಿಸಿ ಕಾರಣ ಹುಡುಕುವುದು ಅವರಿಬ್ಬರ ಕೆಲಸ. ಎದುರುಬದುರು ಕೂತು ಇಬ್ಬರೂ ಒಂದೇ ಸ್ಲೈಡ್ ನೋಡುವಂಥ ಮೈಕ್ರೋಸ್ಕೋಪು ಅದು. ಒಬ್ಬರಿಗೆ ಕಂಡದ್ದನ್ನು ಇನ್ನೊಬ್ಬರಿಗೆ ತೋರಿಸಲು ಒಳಗೊಂದು ಪುಟ್ಟ ಹಸಿರು ಬಾಣ. ಸ್ಲೈಡಿನ ಮೇಲೆ ಹೆಸರಿರುವುದಿಲ್ಲ, ಬರೀ ನಂಬರು. ಇಬ್ಬರೂ ಒಪ್ಪುವ ತನಕ ವರದಿ ಹೊರಗೆ ಹೋಗುವಂತಿಲ್ಲ ಎಂಬ ನಿಯಮ ಅವಳದೇ.

ಬಾಣ ಓಡಿಸುತ್ತ, ಕಿತ್ತಾಡುತ್ತ, ಒಪ್ಪುತ್ತ ಒಂದು ವರ್ಷ ಕಳೆದದ್ದೇ ತಿಳಿಯಲಿಲ್ಲ. ಒಂದು ಸಂಜೆ ಅವನು ಕೇಳಿಯೇಬಿಟ್ಟ.

"ನನ್ನ ಮದುವೆ ಆಗ್ತೀರಾ?"

"ಇಲ್ಲ," ಎಂದಳು. ಕಾರಣ ಹೇಳಲಿಲ್ಲ.

ತಾನು ಇವಳಿಗೆ ಹಿಡಿಸಿಲ್ಲ ಎಂದುಕೊಂಡ ಪುಣ್ಯಾತ್ಮ ಬೇರೆ ಆಸ್ಪತ್ರೆಯಲ್ಲಿ ಕೆಲಸ ಹುಡುಕಿಕೊಂಡ. ಯಾಕೆ ಎಂದು ಇನ್ನೊಂದು ಸಲ ಬಾಯಿಬಿಟ್ಟು ಕೇಳಿದ್ದರೆ ಗಂಟೇನು ಹೋಗುತ್ತಿತ್ತು?

ಅವಳ ಕಾರಣವೇ ಬೇರೆ. ಮಗು ಆಗಲಿಲ್ಲವೆಂದು ಮೊದಲ ಗಂಡ ಅವಳನ್ನು ಬಿಟ್ಟಿದ್ದ. ಎಲ್ಲಾ ಸರಿಯಾಗಿದೆ, ಯಾಕೋ ಆಗುತ್ತಿಲ್ಲ ಎಂದು ಡಾಕ್ಟರುಗಳು ಕೈಚೆಲ್ಲಿದ್ದರು. ಊರ ಹೆಂಗಸರಿಗೆಲ್ಲ ಕಾರಣ ಹುಡುಕಿಕೊಡುವವಳಿಗೆ ತನ್ನದೇ ಕಾರಣ ಗೊತ್ತಿರಲಿಲ್ಲ. ಅವನು ಹೊರಡುತ್ತಾನೆಂದು ತಿಳಿದ ದಿನ ತಡೆಯಲಾಗದೆ, ಹೆರಿಗೆ ಡಾಕ್ಟರಾಗಿದ್ದ ಅಕ್ಕನ ಹತ್ತಿರ ಹೋಗಿ, "ನಂದೂ ಒಂದು ಚೂರು ತೆಗಿ ಅಕ್ಕಾ" ಎಂದಿದ್ದಳು.

ಅವನ ಕೊನೆಯ ದಿನವೇ ಆ ಸ್ಲೈಡ್ ಬಂತು. ನಂಬರು ಯಾರದೆಂದು ಅವಳಿಗೆ ಮಾತ್ರ ಗೊತ್ತು.

ಲೆನ್ಸಿಗೆ ಕಣ್ಣಿಟ್ಟಳು. ತುಂಬಿದ ಕಣ್ಣಿಗೆ ಸ್ಲೈಡಿನ ಗುಲಾಬಿ, ನೇರಳೆ ಬಣ್ಣಗಳೆಲ್ಲ ಕಲಸಿಹೋದವು.

"ನಾರ್ಮಲ್," ಎಂದಳು ಗಡಿಬಿಡಿಯಲ್ಲಿ. "ಏನೂ ಇಲ್ಲ. ಮುಂದಿನದು ಹಾಕಿ."

"ತಡೀರಿ. ನಾನು ಒಪ್ಪಲ್ಲ."

ಹಸಿರು ಬಾಣ ಮೆಲ್ಲಗೆ ಸರಿದು ಒಂದು ಮೂಲೆಯಲ್ಲಿ ನಿಂತಿತು.

"ಇಲ್ಲಿ ನೋಡಿ. ಪಕ್ಕದಲ್ಲಿ ಇನ್ನೊಂದು. ಪ್ಲಾಸ್ಮಾ ಕೋಶಗಳು. ಇವು ಇಷ್ಟೊಂದು ಇಲ್ಲಿ ಇರಬಾರದು. ಹಳೇ ಸೋಂಕು, ಒಳಗೊಳಗೇ ಹೊಗೆಯಾಡ್ತಿದೆ. ಇನ್ನೊಂದು ಬಣ್ಣ ಹಾಕ್ಸಿ ಖಾತ್ರಿ ಮಾಡ್ಕೊಳ್ಳೋಣ, ಆದ್ರೆ ನಂಗೇನೂ ಅನುಮಾನ ಇಲ್ಲ." ಅವನ ದನಿ ಏರುತ್ತಲೇ ಹೋಯಿತು. "ಮಾತ್ರೆಗೆ ಹೋಗೋ ಅಂಥದ್ದು ಮೇಡಂ! ಎಷ್ಟು ವರ್ಷದಿಂದ ಕೊರಗ್ತಿದ್ದಾಳೋ ಪಾಪ. ನೀವು ಇದನ್ನ ಹೇಗೆ ಬಿಟ್ರಿ? ಯಾರು ಈಕೆ? ಈಗ್ಲೇ ಫೋನ್ ಮಾಡಿ ಹೇಳೋಣ."

"ಹೇಳಿದ್ದಾಯ್ತು."

"ಯಾವಾಗ?"

"ಈಗ. ನೀವೇ ಹೇಳಿದ್ರಿ."

ಅವನು ಲೆನ್ಸಿನಿಂದ ಮುಖ ತೆಗೆದ. ಎದುರಿಗೆ ಸಿಡುಕಮ್ಮ ಅಳುತ್ತಿದ್ದಳು. ನಗುತ್ತಲೂ ಇದ್ದಳು.

"ಇದಕ್ಕೇನಾ... ಬೇಡ ಅಂದಿದ್ದು?"

"ಮಗು ಆಗ್ಲಿಲ್ಲ ಅಂತ ಒಬ್ಬರು ಬಿಟ್ಟು ಹೋದ್ರು. ಇನ್ನೊಬ್ಬರನ್ನ ಕಾಯಿಸೋದು ಬೇಡ ಅನ್ನಿಸ್ತು. ಈಗ್ಲೂ ಅಷ್ಟೇ. ಸೋಂಕು ಹೋದ್ರೂ ಮಗು ಆಗೇ ಆಗುತ್ತೆ ಅಂತ ಹೇಳೋಕಾಗಲ್ಲ. ನಿಮಗೇ ಗೊತ್ತು."

"ಗೊತ್ತು. ಆದ್ರೆ ಈ ಸ್ಲೈಡ್ ನೋಡಿ ನಾನು ಕೇಳಿದ್ದಲ್ಲ. ನಿಮ್ಮನ್ನ ನೋಡಿ ಕೇಳಿದ್ದು."

ಇಷ್ಟು ವರ್ಷ ಎದೆಯ ಮೇಲೆ ಕೂತಿದ್ದ ಭಾರ ಎದ್ದು ಹೋದಂತಾಯಿತು. ಕುಣಿಯಬೇಕೆನಿಸಿತು ಅವಳಿಗೆ. ಬಾಯಿಗೆ ಬಂದದ್ದು ಮಾತ್ರ ಬೇರೆ.

"ಹೊಸ ಆಸ್ಪತ್ರೆಯವರು ನಾಳೆ ಕಾಯ್ತಾರೆ."

"ಕಾಯ್ಲಿ. ಇಬ್ಬರೂ ಒಪ್ಪೋ ತನಕ ಇಲ್ಲಿಂದ ಏನೂ ಹೊರಗೆ ಹೋಗೋ ಹಾಗಿಲ್ಲ. ನಿಮ್ಮದೇ ನಿಯಮ."

ಅವಳು ಕಣ್ಣೊರೆಸಿಕೊಂಡು ಎದ್ದಳು.

"ಬನ್ನಿ, ಈ ಕುರ್ಚೀಲಿ ಕೂತ್ಕೊಳ್ಳಿ."

"ಅದು ನಿಮ್ಮದಲ್ವಾ?"

"ಒಪ್ಪಿದೆ," ಎಂದಳು. "ಇನ್ಮೇಲೆ ಇಬ್ಬರದ್ದು."