ಜಾಮೀನಿನ ಜಗಳಗಳು

ಮಧ್ಯಾಹ್ನ ಕಂಪ್ಯೂಟರ್ ಕೊಟ್ಟ ಉತ್ತರವನ್ನು ಓದುತ್ತಿದ್ದಂತೆ ಶಿರೀನಳ ಕೈ ಮೌಸಿನ ಮೇಲೆ ಹಾಗೇ ನಿಂತುಬಿಟ್ಟಿತು.

‘ಆರೋಪಿಗೆ ಈ ಊರಲ್ಲಿ ಜಾಮೀನು ನಿಲ್ಲುವವರು ಇಲ್ಲ ಎಂದ ಮಾತ್ರಕ್ಕೆ ಅವನು ಓಡಿಹೋಗುತ್ತಾನೆ ಎಂದರ್ಥವಲ್ಲ. ದುಡಿಯಲು ಬಂದವನಿಗೆ ಊರೆಲ್ಲ ಅಪರಿಚಿತರೇ.’

ಇದು ಆತೀಫನ ವಾದ. ಆತೀಫ ಡೆಂಗ್ಯೂ ಜ್ವರದಲ್ಲಿ ತೀರಿಕೊಂಡು ಅರ್ಧ ವರ್ಷ ಕಳೆದಿತ್ತು. ಆದರೂ ಮುಂಬೈಯ ಫೋರ್ಟ್ ಪ್ರದೇಶದ ಆ ಆಫೀಸಿನಲ್ಲಿ, ಕೆಳಗಿನ ಉಡುಪಿ ಹೋಟೆಲಿನ ಸಾಂಬಾರಿನ ವಾಸನೆ ಮೇಲೇರುವ ಹೊತ್ತಿಗೆ, ಅವನು ಮತ್ತೆ ವಾದಕ್ಕೆ ಬಂದು ಕೂತಿದ್ದ. ಅವಳಿಗೆ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚು ಸಂತೋಷವಾಯಿತು, ಅದರಿಂದ ಇನ್ನಷ್ಟು ಹೆದರಿದಳು.

ಇಬ್ಬರೂ ಕಾನೂನು ಓದಿದವರು. ನ್ಯಾಯಾಧೀಶರು ಹೇಗೆ ಯೋಚಿಸುತ್ತಾರೆಂದು ಎಐಗೆ ಕಲಿಸುವ ಸಂಶೋಧನೆಗೆ ಸೇರಿದ್ದರು. ಹಳೆಯ ಜಾಮೀನು ಆದೇಶಗಳನ್ನು ಬೇರೆಬೇರೆ ಕೂತು ಓದಿ, ಯಾವ ಕಾರಣಕ್ಕೆ ಎಷ್ಟು ತೂಕವೆಂದು ಗುರುತು ಹಾಕಬೇಕು. ಇಬ್ಬರ ಗುರುತು ಹೊಂದದಿದ್ದರೆ ಮಾತ್ರ ಎದುರುಬದುರು ಕೂತು ವಾದಿಸಬೇಕು; ಆ ವಾದವೂ ಎಐಗೆ ಪಾಠವೇ. ಹೊಂದಿದರೆ ಮಾತಿಗೆ ಅವಕಾಶವೇ ಇಲ್ಲ. ಈ ನಿಯಮ ಮಾಡಿದವರು ಯಾರನ್ನೂ ಪ್ರೀತಿಸಿದವರಲ್ಲ, ಅಷ್ಟಂತೂ ಖಂಡಿತ.

“ಏನ್ರೀ ವಕೀಲರ, ಇವತ್ತೂ ನಮಗ ಹೊಂದೂದಿಲ್ಲೇನು?” ಎನ್ನುತ್ತ ಆತೀಫ ಕುರ್ಚಿ ಎಳೆದುಕೊಳ್ಳುತ್ತಿದ್ದ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ನಿಧಾನವಾಗಿ ಒರೆಸುತ್ತಿದ್ದ. ಆ ಹೊತ್ತಿನಲ್ಲಿ ಶಿರೀನ್ ಅವನನ್ನು ಕಣ್ತುಂಬ ನೋಡಿಕೊಳ್ಳುತ್ತಿದ್ದಳು. ಕನ್ನಡಕವಿಲ್ಲದೆ ಅವನಿಗೆ ತನ್ನ ನೋಟ ಕಾಣುವುದಿಲ್ಲವೆಂಬ ಧೈರ್ಯ.

“ಶ್ಯೂರಿಟಿ ಇಲ್ಲದವನ್ನ ಬಿಟ್ರ ನಾಳೆ ಎಲ್ಲಿ ಹುಡುಕ್ತೀರಿ?” ಎಂದು ಅವಳೇ ಶುರುಮಾಡುತ್ತಿದ್ದಳು.

“ಎಲ್ಲಿಗಿ ಹೋಗ್ತಾನ್ರೀ ಅಂವ? ಗೌಂಡಿ ಕೆಲಸ ಬಿಟ್ಟು ಲಂಡನ್ನಿಗೆ ಹೋಗ್ತಾನೇನು?”

“ಮುಲುಂಡಿಗೆ ಹೋದ್ರೂ ನಿಮಗ ಸಿಗೂದಿಲ್ಲ.”

“ಮುಲುಂಡಿನಾಗ ನೀವ ಇರ್ತೀರಲ್ಲ. ಹುಡುಕೂ ನೆವದಾಗ ನಾ ದಿನಾ ಬರ್ತೀನಿ.”

ಆಗ ಅವಳು ಎದುರಿಗಿದ್ದ ಆದೇಶದಲ್ಲಿ ಏನೋ ಬಹಳ ಮುಖ್ಯವಾದದ್ದನ್ನು ಹುಡುಕತೊಡಗುತ್ತಿದ್ದಳು.

ನಿಜವೆಂದರೆ ಮೊದಲ ದಿನದಿಂದಲೂ ಅವಳಿಗೆ ಅವನ ಮಾತೇ ಸರಿಯೆನಿಸಿತ್ತು. ಬೇಕೆಂದೇ ಉಲ್ಟಾ ಗುರುತು ಹಾಕುತ್ತಿದ್ದಳು. ಬೇರೆ ವಿಷಯಗಳಲ್ಲಿ ಆತೀಫ ಬೇಗ ಸೋಲೊಪ್ಪಿ ಎದ್ದುಹೋಗುತ್ತಿದ್ದ. ಈ ಒಂದರಲ್ಲಿ ಮಾತ್ರ ಚಹಾ ಆರಿಹೋದರೂ ಏಳುತ್ತಿರಲಿಲ್ಲ. ಅವನ ಅಪ್ಪ ಗಾರೆ ಕೆಲಸದ ಗೌಂಡಿ; ಹಿಂದೊಮ್ಮೆ ಸುಳ್ಳು ಕೇಸಿಗೆ ಸಿಕ್ಕು, ಜಾಮೀನು ನಿಲ್ಲುವವರಿಲ್ಲದೆ ಜೈಲಿನಲ್ಲೇ ಕೊಳೆತಿದ್ದರು. ಅವನ ಬಾಯಿಂದಲೇ ಇದನ್ನು ಕೇಳಿದ ಮೇಲೂ ಶಿರೀನ್ ಆಟ ಬಿಡಲಿಲ್ಲ. ಒಂದು ದಿನ ಎಲ್ಲವನ್ನೂ ಒಪ್ಪಿ ತಿದ್ದಿಬಿಡೋಣ, ಅವತ್ತೇ ಮನಸ್ಸಿನ ಮಾತನ್ನೂ ಹೇಳೋಣ ಎಂದುಕೊಂಡಿದ್ದಳು. ಅಷ್ಟರಲ್ಲಿ ಜ್ವರ ಬಂತು.

“ಶಿರೀನ್, ಎಐ ಮಾಡೆಲ್ ಕನ್‌ಫ್ಯೂಸ್ ಆಗ್ತಾ ಇದೆ,” ಎಂದರು ತಂಡದ ಮುಖ್ಯಸ್ಥ ಅನಿಲಕುಮಾರ, ಅವಳ ಹಿಂದೆ ಬಂದು ನಿಂತು. “ಒಮ್ಮೆ ನಿಮ್ಮ ಥರ ಹೇಳುತ್ತೆ, ಒಮ್ಮೆ ಆತೀಫ್ ಥರ. ಒಬ್ಬರದನ್ನ ತೆಗೀಲೇಬೇಕು. ಅವರನ್ನ ಕೇಳೋಕೆ ಆಗಲ್ಲ. ನಿಮ್ಮದು ಇಟ್ಕೊಂಡು ಅವರದನ್ನ ಇವತ್ತೇ ತೆಗೆದುಬಿಡೋಣ. ರಿಸರ್ಚ್ ಪೇಪರಲ್ಲಿ ನಿಮ್ಮ ಹೆಸರೇ ಮೊದಲು ಬರುತ್ತೆ.”

ಅವರು ಹೋದ ಮೇಲೆ ಶಿರೀನ್ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು. ಮಾತು ತುಸು ಬೇರೆ, ವಾದ ಮಾತ್ರ ಅವನದೇ. ಖಾಲಿ ಕುರ್ಚಿಯ ಕಡೆ ತಿರುಗಿ ನೋಡಿದಳು. ಇಡೀ ಮುಂಬೈಯಲ್ಲಿ ಅವನು ಇನ್ನೂ ತನ್ನೊಡನೆ ಜಗಳವಾಡುತ್ತಿದ್ದದ್ದು ಇದೊಂದೇ ಜಾಗದಲ್ಲಿ. ಸಂಜೆಯೊಳಗೆ ಅದನ್ನೂ ಅಳಿಸುತ್ತಾರೆ, ಅದೂ ತನ್ನ ಸುಳ್ಳನ್ನು ನಂಬಿ.

ಅವಳು ಎದ್ದು ಅನಿಲಕುಮಾರರ ಕೋಣೆಗೆ ಹೋದಳು.

“ಸರ್, ನನ್ನವು ತೆಗೀರಿ. ನಾ ಹಾಕಿದ್ದು ಸುಳ್ಳು. ಅವರದ ಖರೇ ಅಂತ ಗೊತ್ತಿದ್ದೂ ಉಲ್ಟಾ ಹಾಕೀನಿ.”

“ಯಾಕೆ?”

“ಹೊಂದಿದ್ರ ಅವರು ನನ್ನ ಮುಂದ ಕೂಡ್ತಿರಲಿಲ್ಲ, ಸರ್.”

ಅನಿಲಕುಮಾರ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. “ಹಾಗಾದ್ರೆ ನೀವು ಮಾಡಿದ ಕೆಲಸ ಪೂರ್ತಿ ಹೋಗುತ್ತೆ. ಪ್ರಾಜೆಕ್ಟಲ್ಲೂ ನಿಮ್ಮನ್ನ ಇಟ್ಕೊಳ್ಳೋಕೆ ಆಗಲ್ಲ.”

“ಗೊತ್ತದ, ಸರ್.”

ಅಲ್ಲಿಂದ ಅವಳು ಮನೆಗೆ ಹೋಗಲಿಲ್ಲ, ಸಾಂತಾಕ್ರೂಜಿನ ಲೋಕಲ್ ರೈಲು ಹಿಡಿದಳು. ಆತೀಫನ ತಾಯಿ ಅಕ್ಬರಬಿ ಚಾಳಿನ ಮನೆಯ ಬಾಗಿಲಲ್ಲಿ ಕೂತು ಮೆಂತ್ಯಸೊಪ್ಪು ಬಿಡಿಸುತ್ತಿದ್ದರು. ಶಿರೀನ್ ಚಪ್ಪಲಿಯನ್ನೂ ಬಿಡದೆ ನಿಂತಲ್ಲೇ ಎಲ್ಲವನ್ನೂ ಹೇಳಿದಳು, ಮಷೀನಿನಿಂದ ಹಿಡಿದು ಸುಳ್ಳು ಗುರುತುಗಳವರೆಗೆ.

“ಖಾಲಾ, ನಾ ನಿಮ್ಮ ಮಗನ್ನ ಪ್ರೀತಿ ಮಾಡ್ತಿದ್ದೆ. ಅದನ್ನ ಹೇಳೂ ಧೈರ್ಯ ಆಗಲಿಲ್ಲ. ನಿಮ್ಮ ಮನಿ ನೋವನ್ನ ಕೆದರಿ ಕೆದರಿ ಅವರನ್ನ ಕೂಡಿಸಿಕೊಂಡೆ.”

ಅಕ್ಬರಬಿ ಸೊಪ್ಪಿನಿಂದ ಕೈ ತೆಗೆದರು. “ಅಂವಗ ಗೊತ್ತಿತ್ತು, ಬೇಟೀ.”

“ಏನ ಗೊತ್ತಿತ್ತು?”

“ನೀ ಬೇಕಂತ ತಪ್ಪು ಹಾಕ್ತೀ ಅನ್ನೂದು. ಮನೀಗಿ ಬಂದು ನಗತಿದ್ದ. ಮತ್ತ ಅಕಿಗಿ ಯಾಕ ಹೇಳೂದಿಲ್ಲೋ ಅಂದ್ರ, ‘ಹೇಳಿದ್ರ ಅಕಿ ಖರೇ ಹಾಕಾಕ ಶುರು ಮಾಡ್ತಾಳ ಅಮ್ಮೀ, ಆಮ್ಯಾಲ ನಾ ಯಾರ ಮುಂದ ಕೂಡಲಿ’ ಅಂತಿದ್ದ. ಅಪ್ಪನ ಮಾತು ಯಾರ ಮುಂದೂ ತೆಗೀದ ಹುಡುಗ. ನಿನ್ನ ಮುಂದ ತೆಗದ.”

ಶಿರೀನ್ ಹೊಸ್ತಿಲ ಮೇಲೆ ಕೂತಳು. ಆಗ ಅಳು ಹೊರಬಂತು. ಅಕ್ಬರಬಿ ತಡೆಯಲಿಲ್ಲ, ಸರಿದು ಜಾಗ ಮಾಡಿಕೊಟ್ಟರು.

ಸ್ವಲ್ಪ ಹೊತ್ತಿನ ಮೇಲೆ ಕೇಳಿದರು. “ಆ ಮಷೀನಿನಾಗ ಅಂವ ಇನ್ನೂ ಮಾತಾಡ್ತಾನ ಅಂದೆಲ್ಲ. ನನಗೊಮ್ಮೆ ಕೇಳಸ್ತಿಯೇನವ್ವಾ?”

ಆ ಆಫೀಸಿನ ಬಾಗಿಲು ತನಗೆ ಮುಚ್ಚಿದೆಯೆಂದು ಈ ಮುಖ ನೋಡಿಕೊಂಡು ಹೇಳುವುದು ಹೇಗೆ? ಶಿರೀನ್ ದುಪಟ್ಟಾದಿಂದ ಕಣ್ಣೊರೆಸಿಕೊಂಡಳು.

“ನಾನ ಹೇಳ್ತೀನಿ, ಖಾಲಾ. ಎಲ್ಲಾ ಬಾಯಿಪಾಠ ಅದ.”

ಹೀಗೆಂದು ಅವಳು ಮೊಟ್ಟಮೊದಲ ಸಲ ಆತೀಫನ ಕಡೆಯಿಂದ ವಾದಿಸತೊಡಗಿದಳು.