ಬಜ್ಜಿ ವಾಸನೆಯ ಜೀಪು

ಯಶವಂತ ತನ್ನ ಬಾಡಿಗೆ ಜೀಪಿನ ಮುಂದಿನ ಸೀಟಿನ ಮೇಲಿದ್ದ ಟವೆಲ್ ತೆಗೆದು, ನಯನ ಬಂದು ಕೂರಲಿ ಎಂದು ಕಾದ. ನಯನ ಅವನ ಮುಖ ನೋಡಿ ನಕ್ಕಳು. ನಕ್ಕವಳು ಸೀದಾ ಹಿಂದಕ್ಕೆ ಹೋಗಿ, ಟರ್ಪಾಲು ಎತ್ತಿ, ಕಟ್ಟಕಡೆಯ ಸೀಟಿನಲ್ಲಿ ಕೂತುಬಿಟ್ಟಳು.

ಬಸರೀಕಟ್ಟೆ ಸ್ಟ್ಯಾಂಡಿನಲ್ಲಿದ್ದವರೆಲ್ಲ ಅದನ್ನು ನೋಡಿದರು. ಎರಡು ತಿಂಗಳಿಂದ ಆ ಟವೆಲ್ ಯಾರಿಗಾಗಿ ಎಂದು ಗೊತ್ತಿಲ್ಲದವರು ಊರಲ್ಲಿ ಯಾರೂ ಇರಲಿಲ್ಲ. ಯಶವಂತನ ತಾಯಿ ವಸಂತಮ್ಮ ಹಿರೇಕೊಡಿಗೆಯ ಮನೆಯಿಂದ ಸಂಬಂಧದ ಮಾತನ್ನೂ ಕಳಿಸಿದ್ದರು. ಭಾನುವಾರ ನಯನ ಉತ್ತರ ಹೇಳಬೇಕಿತ್ತು. ಹೂಂ ಎನ್ನಲು ಅವಳಿಗೆ ಮನಸ್ಸಿತ್ತು, ಬೇಕಾದಷ್ಟಿತ್ತು. ಪಕ್ಕದಲ್ಲಿ ಕೂತವಳನ್ನು ಓರೆಗಣ್ಣಲ್ಲಿ ನೋಡಿ ಸಿಕ್ಕಿಬಿದ್ದಾಗಲೆಲ್ಲ ಅವನು ಸುಮ್ಮಸುಮ್ಮನೆ ಗೇರ್ ಬದಲಿಸುತ್ತಿದ್ದ. ಆ ಕಳ್ಳತನಕ್ಕೇ ಅವಳು ಸೋತಿದ್ದಳು.

"ಎಂತಾಯ್ತು? ಮುಂದೆ ಜಾಗ ಇದ್ಯಲ್ಲ," ಯಶವಂತ ಹಿಂದೆ ಬಂದು ಕೇಳಿದ. ಕಿವಿ ಕೆಂಪಾಗಿತ್ತು.

"ಇವತ್ತು ಇಲ್ಲೇ."

ನಯನ ಬ್ಯಾಗಿನಿಂದ ಗೇಣುದ್ದದ ಪ್ಲಾಸ್ಟಿಕ್ ಕೊಳವೆ ತೆಗೆದು ಮೂರು ಸಲ ಜೋರಾಗಿ ಊದಿದಳು. ಉಸಿರಿನ ಬಲ ಅಳೆಯುವ ಮೀಟರದು. ಮುಳ್ಳು ನಾನೂರರಲ್ಲಿ ನಿಂತಿತು. ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡಳು.

ಯಶವಂತನಿಗೆ ಅರ್ಥವಾದದ್ದು ಒಂದೇ, ಹುಡುಗಿ ತನ್ನನ್ನು ಒಲ್ಲೆ ಎಂದಳು. ಅವತ್ತು ಜೀಪು ಕೊಪ್ಪದವರೆಗೂ ಹೊಂಡಗಳನ್ನು ಹುಡುಕಿಕೊಂಡೇ ಹೋಯಿತು.

ಆ ಜೀಪಿನ ವಿಷಯ ಹೇಳಲೇಬೇಕು. ಎರಡು ಸಾವಿರದ ಏಳನೇ ಇಸವಿ ಅದು, ಎಲ್ಲಿ ನೋಡಿದರೂ ಜೈವಿಕ ಇಂಧನದ ಮಾತು. ಯಶವಂತ ಶಿವಮೊಗ್ಗದಲ್ಲಿ ಮೂರು ದಿನ ಟ್ರೈನಿಂಗ್ ಮುಗಿಸಿ ಬಂದವನೇ, ಹಿತ್ತಲ ಶೆಡ್ಡಿನಲ್ಲಿ ಹೊಂಗೆ ಎಣ್ಣೆಯಿಂದ ತಾನೇ ಡೀಸೆಲ್ ಮಾಡತೊಡಗಿದ. ಹೊಗೆ ಕಪ್ಪಿಲ್ಲ, ಕಣ್ಣು ಉರಿಯುವುದಿಲ್ಲ, ಬಿಸಿ ಬಿಸಿ ಬಜ್ಜಿ ಕರಿದ ವಾಸನೆ. ಜನ ಬಜ್ಜಿ ಜೀಪು ಎಂದೇ ಕರೆದರು. ಇವನು ಅಷ್ಟಕ್ಕೇ ಉಬ್ಬಿಹೋಗಿ, ಪರಿಮಳ ಚೆನ್ನಾಗಿ ಹರಡಲಿ ಎಂದು ಸೈಲೆನ್ಸರ್ ಪೈಪನ್ನು ಕತ್ತರಿಸಿ, ಹಿಂದಿನ ಮೆಟ್ಟಿಲ ಕೆಳಗೇ ಬಾಯಿ ಬಿಡುವಂತೆ ಮಾಡಿದ್ದ. ಡಿಸೆಂಬರಿನ ಚಳಿಗೆ ಟರ್ಪಾಲು ಇಳಿಬಿಟ್ಟರೆ ಪರಿಮಳವೆಲ್ಲ ಒಳಗೇ.

ನಯನ ಕೊಪ್ಪದ ನರ್ಸಿಂಗ್ ಹೋಮಿನಲ್ಲಿ ಇಸಿಜಿ ತೆಗೆಯುವವಳು. ಹಿಂದಿನ ದಿನ ಅಮೀರ್ ಬೀ ಎದೆ ಹಿಡಿದುಕೊಂಡು ಅಲ್ಲಿಗೆ ಬಂದಿದ್ದರು. ದಿನಾ ಅದೇ ಜೀಪಿನ ಕಡೇ ಸೀಟಿನಲ್ಲಿ ಎಸ್ಟೇಟ್ ಕೆಲಸಕ್ಕೆ ಹೋಗಿಬರುವ ಹೆಂಗಸು.

"ಮನೇಲಿ ಸೌದೆ ಒಲೆಯಾ?" ಡಾಕ್ಟರು ಕೇಳಿದ್ದರು.

"ಗ್ಯಾಸ್ ಬಂದು ಮೂರು ವರ್ಷ ಆಯ್ತು."

"ಮತ್ತೆಲ್ಲಿ ಹೊಗೆ ಕುಡೀತೀರಿ?"

"ಹೊಗೆ ಎಲ್ಲಿ ಡಾಕ್ಟ್ರೇ? ಜೀಪಲ್ಲಿ ಬಜ್ಜಿ ವಾಸ್ನೆ ಬರ್ತದೆ, ಅಷ್ಟೆ."

ಎರಡು ತಿಂಗಳು ಮುಂದೆ ಕೂತು ತಂಗಾಳಿ ಕುಡಿದ ನಯನಳಿಗೆ ನಾಚಿಕೆಯಾಯಿತು. ಪ್ರೀತಿ ಇದೆ, ಸರಿ. ಆದರೆ ತನ್ನ ತಪ್ಪನ್ನು ಕೇಳಿಸಿಕೊಳ್ಳದ ಗಂಡಸಿನ ಜೊತೆ ಬಾಳುವುದು ಅವಳಿಂದ ಆಗದ ಕೆಲಸ.

ಕೊಪ್ಪದಲ್ಲಿ ಇಳಿದವಳು ಮತ್ತೆ ಮೂರು ಸಲ ಊದಿ, ಅಂಗೈಯನ್ನು ಅವನ ಮುಂದೆ ಹಿಡಿದಳು. ನಾನೂರರ ಕೆಳಗೆ ಮುನ್ನೂರ ಅರವತ್ತು ಎಂದಿತ್ತು.

"ಡೀಸೆಲ್ ಹೊಗೆ ಬಂದ್ರೆ ಜನ ಮೂಗು ಮುಚ್ಕೊಳ್ತಾರೆ. ನಿಮ್ಮದನ್ನ ಪರಿಮಳ ಅಂತ ಎಳ್ಕೊಳ್ತಾರೆ. ಕಣ್ಣಿಗೆ ಕಾಣದ ಮಸಿ ಅದು. ಶ್ವಾಸಕೋಶದ ತಳಕ್ಕೇ ಇಳೀತದೆ. ರಕ್ತನಾಳ ಬಿಗಿಯಾಗ್ತದೆ, ಹೃದಯ ಎರಡರಷ್ಟು ಗೇಯ್ಬೇಕಾಗ್ತದೆ."

"ಮರದ ಎಣ್ಣೆ ಮಾರಾಯ್ತಿ! ಅದೆಂತ ಮಾಡ್ತದೆ?"

"ಸೌದೆನೂ ಮರದ್ದೇ. ಒಲೆ ಊದಿ ಊದಿ ನಿಮ್ಮಮ್ಮ ಕೆಮ್ಮಿಲ್ವ?"

ಯಶವಂತ ಟವೆಲನ್ನು ಹೆಗಲಿಗೆ ಹಾಕಿಕೊಂಡ. "ಅದಕ್ಕೆ ನನ್ನ ಒಲ್ಲೆ ಅಂತೀರಾ?"

"ಒಲ್ಲೆ ಅಂತ ಯಾವಾಗ ಅಂದೆ? ನಾಳೆ ಕೀ ನಂಗೆ ಕೊಡಿ, ನೀವು ಹಿಂದೆ ಕೂತ್ಕೊಳಿ. ಇಳಿದ ಮೇಲೂ ಪರಿಮಳ ಅಂದ್ರೆ, ಭಾನುವಾರ ನನ್ನ ಉತ್ತರ ಉಹೂಂ."

ನಯನಳ ಅಪ್ಪ ಎಸ್ಟೇಟಿನ ಡ್ರೈವರ್. ಮಗಳ ಕೈಗೆ ಲೈಸೆನ್ಸ್ ಬಂದು ನಾಲ್ಕು ವರ್ಷವಾಗಿತ್ತು. ಮರುದಿನ ಅವಳು ಸೆರಗು ಸಿಕ್ಕಿಸಿ ಸ್ಟೇರಿಂಗ್ ಹಿಡಿದಾಗ ಸ್ಟ್ಯಾಂಡಿಗೆ ಸ್ಟ್ಯಾಂಡೇ ಶಿಳ್ಳೆ ಹೊಡೆಯಿತು. ಯಶವಂತ ಐನೂರ ಎಂಬತ್ತು ಊದಿ, ಮದುಮಗನ ಠೀವಿಯಲ್ಲಿ ಹಿಂದೆ ಹತ್ತಿದ.

ಕೊಪ್ಪದಲ್ಲಿ ಇಳಿಯುವಾಗ ಠೀವಿ ಇರಲಿಲ್ಲ. ತಲೆ ಸಿಡಿಯುತ್ತಿತ್ತು, ಗಂಟಲು ಕೆರೆಯುತ್ತಿತ್ತು. ಊದಿದ, ಐನೂರ ಹತ್ತು. ಮೀಟರ್ ಸರಿಯಿಲ್ಲ ಎಂದು ಇನ್ನೊಮ್ಮೆ ಊದಿದ. ಐನೂರು. ಮೂರನೇ ಸಲ ಊದಲು ಹೋಗಿ ಕೆಮ್ಮಿದ, ಮೀಟರನ್ನು ವಾಪಸು ಕೊಟ್ಟು ಕಟ್ಟೆಯ ಮೇಲೆ ಕೂತ.

"ಪೈಪು ಕತ್ತರಿಸಿದ್ದು ನಾನೇ," ಅಂದ. "ಅಮೀರ್ ಬೀ ಕಾಲಡಿಗೇ ಹೊಗೆ ಬಿಟ್ಟು, ಪರಿಮಳ ಹೆಂಗಿದೆ ಅಂತ ದಿನಾ ಅವರನ್ನೇ ಕೇಳ್ತಿದ್ದೆ."

ಅವನ ತಲೆ ನೇವರಿಸಬೇಕು ಎಂದು ನಯನಳಿಗೆ ಬಹಳ ಅನಿಸಿತು. ನಟ್ಟನಡು ಸ್ಟ್ಯಾಂಡು, ಸುತ್ತ ಜನ. ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತಳು.

ಎರಡು ದಿನ ಜೀಪು ಓಡಲಿಲ್ಲ. ಯಶವಂತ ವೆಲ್ಡಿಂಗ್ ಮಾಡಿಸಿ ಪೈಪನ್ನು ಟಾಪಿಗಿಂತ ಮೇಲಕ್ಕೆ ಏರಿಸಿದ. ಟರ್ಪಾಲಿಗೆ ಕಿಟಕಿ ಕೊಯ್ಯಿಸಿದ. ಅಮೀರ್ ಬೀ ಮನೆಗೆ ಹೋಗಿ ಹೊಸ್ತಿಲಲ್ಲಿ ನಿಂತು ತಪ್ಪಾಯ್ತು ಎಂದ. ಬೈಗುಳ ತಿಂದ, ಚಾ ಕುಡಿದ.

ಶನಿವಾರ ಅವನು ನರ್ಸಿಂಗ್ ಹೋಮಿಗೇ ಬಂದ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿ ಓಡಿಸಿ ಟೆಸ್ಟ್ ಮಾಡಿದವನಿಗೆ ನಾಲ್ಕು ತಿಂಗಳಿಂದ ಕೆಮ್ಮಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಹೃದಯವನ್ನೂ ನೋಡಿಬಿಡೋಣ ಎಂದು ಡಾಕ್ಟರು ಇಸಿಜಿಗೆ ಬರೆದುಕೊಟ್ಟರು.

"ಪೈಪು ಮೇಲೆ ಹೋದ್ರೂ ಹೊಗೆ ಹೊಗೆನೇ," ಎಂದಳು ನಯನ, ಎದೆಯ ಮೇಲೆ ತಣ್ಣನೆಯ ಜೆಲ್ ಹಚ್ಚುತ್ತ.

"ಗೊತ್ತು. ಇನ್ನು ಸ್ಟ್ಯಾಂಡಲ್ಲಿ ಸುಮ್ನೆ ಎಂಜಿನ್ ಉರಿಸಲ್ಲ. ಶೆಡ್ಡಿನ ಗೋಡೆನೂ ಒಂದು ಕಡೆ ಕೆಡವಿದೆ."

"ಮಾತಾಡ್ಬೇಡಿ. ಗೆರೆ ಹಾಳಾಗ್ತದೆ."

"ಆಗ್ಲಿ." ಅವನು ಅವಳ ಕೈ ನೋಡಿದ, ಆಮೇಲೆ ಕಣ್ಣು ನೋಡಿದ. ಈ ಸಲ ಬದಲಿಸಲು ಗೇರ್ ಇರಲಿಲ್ಲ. "ನಂಗೆ ನೀವು ಬೇಕು. ಅಮ್ಮ ಕಳಿಸಿದ ಮಾತು ಬಿಡಿ, ಇದು ನನ್ನ ಮಾತು. ನಂಗೆ ಬುದ್ಧಿ ಹೇಳೋರು ಸುಮಾರು ಜನ ಇದ್ದಾರೆ. ನಂಗೋಸ್ಕರ ಆ ಹೊಗೇಲಿ ಕೂತೋರು ನೀವೊಬ್ರೇ."

ನಯನ ಮೆಷಿನ್ನಿನ ಗುಂಡಿ ಒತ್ತಿದಳು. ಕೈ ಮಾತ್ರ ಅವನ ಮುಂಗೈ ಮೇಲೆ ಉಳಿಯಿತು, ಅಲ್ಲಿ ಅದಕ್ಕೆ ಕೆಲಸವೇ ಇರಲಿಲ್ಲ. ಉದ್ದ ಕಾಗದ ಗೆರೆ ಗೆರೆಯಾಗಿ ಹೊರಬಂತು.

ಒಳಬಂದ ಡಾಕ್ಟರು ಕಾಗದ ಹರಿದು ಬೆಳಕಿಗೆ ಹಿಡಿದರು. "ಗೆರೆಯೆಲ್ಲ ಸರಿ ಇದೆ. ಬಡಿತ ಮಾತ್ರ ನೂರ ಇಪ್ಪತ್ತು! ಇದೂ ಹೊಗೆಯಿಂದಲಾ?"

"ಅಲ್ಲ ಡಾಕ್ಟ್ರೇ," ನಯನ ಕೈ ತೆಗೆಯದೆ ಹೇಳಿದಳು. "ಅದು ನನ್ನಿಂದ. ನಾವು ಮದುವೆ ಆಗ್ತಿದೀವಿ."