ಅತ್ತೆ ಮುಚ್ಚಿಟ್ಟ ರಕ್ತ

"ಏನು ಬೆರೆಸಿ ಕೊಟ್ಟೆಯೇ ನನಗೆ?... ಹೇಳೇ!"

ಬಚ್ಚಲ ಬಾಗಿಲಿಗೆ ಒರಗಿ ಅತ್ತೆ ಚೀರಿದರು. ನೆಲದ ತುಂಬ ರಕ್ತದ ವಾಂತಿ! ಅರ್ಧ ಹೊಲಿದ ಅಂಗಿಯನ್ನು ಯಂತ್ರದಲ್ಲೇ ಬಿಟ್ಟು ಸೊಸೆ ಓಡಿಬಂದಳು. ಬಸ್ ಓಡಿಸುವ ಕೆಲಸಕ್ಕೆ ಹೊರಟು ನಿಂತಿದ್ದ ಮಗ ಹೆಂಡತಿಯತ್ತ ತಿರುಗಿ, "ಅಮ್ಮನಿಗೆ ಬೆಳಿಗ್ಗೆ ಏನು ಕೊಟ್ಟೆ?" ಎಂದ. ಹನ್ನೊಂದು ವರ್ಷ ಅತ್ತೆಯ ಚುಚ್ಚುಮಾತುಗಳನ್ನೆಲ್ಲ ನುಂಗಿಕೊಂಡವಳಿಗೆ ಗಂಡನ ಆ ಒಂದು ಪ್ರಶ್ನೆಯನ್ನು ಮಾತ್ರ ನುಂಗಲಾಗಲಿಲ್ಲ...

ಆಸ್ಪತ್ರೆಯಲ್ಲಿ ಎರಡು ಬಾಟಲಿ ರಕ್ತ ಏರಿಸಿದರು. ಬಾಯಿಯಿಂದ ಕೊಳವೆ ಇಳಿಸಿ ಹೊಟ್ಟೆ ಪರೀಕ್ಷಿಸಿದ ಡಾಕ್ಟರಮ್ಮ ಹೊರಗೆ ಬಂದರು.

"ಇದು ಊಟದಿಂದ ಆದದ್ದಲ್ಲ. ನಾಲ್ಕು ತಿಂಗಳ ಹಿಂದೆ ಹೊಟ್ಟೆ ಪಕ್ಕದ ಕ್ಯಾನ್ಸರ್ ಗಡ್ಡೆಗೆ ರೇಡಿಯೇಷನ್ ಕೊಟ್ಟಿದ್ವಲ್ಲ, ಅದರಿಂದ ಹೊಟ್ಟೆಯ ಒಳಪದರ ಹಾಳಾಗಿ ಸಣ್ಣ ಸಣ್ಣ ರಕ್ತನಾಳ ಒಡೀತಿವೆ. ಸೋರುವ ಕಡೆಯೆಲ್ಲ ಸುಟ್ಟು ಮುಚ್ಚಿದ್ದೀವಿ. ರಕ್ತ ಮತ್ತೆ ಬರಬಹುದು. ಅವರು ತಗೊಳ್ಳೋ ಮಂಡಿನೋವಿನ ಮಾತ್ರೆ ಇನ್ನು ಬೇಡ, ಅದರಿಂದ ರಕ್ತ ಸೋರೋದು ಹೆಚ್ಚುತ್ತೆ. ಮಲ ಟಾರಿನ ಹಾಗೆ ಕಪ್ಪಗಾದ್ರೆ ಒಳಗೆ ರಕ್ತ ಸೋರ್ತಿದೆ ಅಂತ ಅರ್ಥ, ತಕ್ಷಣ ಕರ್ಕೊಂಡು ಬನ್ನಿ."

ಮಗ ತಲೆ ತಗ್ಗಿಸಿದ.

ಅಂದಿನಿಂದ ದಿನಾ ಅತ್ತೆಯ ಮಲದ ಬಣ್ಣ ನೋಡುವ ಕೆಲಸ ಸೊಸೆಯದಾಯಿತು. "ಥೂ, ಅಸಹ್ಯ ಆಗಲ್ವೇನೇ ನಿನಗೆ?" ಎಂದು ಅತ್ತೆ ಗದರಿದರೆ, "ನಿಮ್ಮ ಬಾಯಿಗಿಂತ ಅದೇ ವಾಸಿ ಬಿಡಿ ಅತ್ತೆ" ಎನ್ನುವಳು. ಅವಳ ಮಾತಿಗೆ ಅತ್ತೆ ನಕ್ಕದ್ದು ಅದೇ ಮೊದಲು!

ಮೂರು ಸಲ ಕಪ್ಪಗಾಯಿತು. ಮೂರು ಸಲವೂ ಸೊಸೆ ಹೊತ್ತು ಮೀರದಂತೆ ಕರೆದೊಯ್ದಳು, ಡಾಕ್ಟರಮ್ಮ ಸುಟ್ಟು ಮುಚ್ಚಿದರು. ನಾಲ್ಕನೆಯ ಸಲ ರಕ್ತ ನಿಲ್ಲಲಿಲ್ಲ.

"ಆಪರೇಷನ್ ಮಾಡಿ ಹೊಟ್ಟೇನೇ ತೆಗೀಬೇಕು. ಆದರೆ ಈ ಶರೀರ ತಡೆಯೋದು ಕಷ್ಟ" ಎಂದರು ಡಾಕ್ಟರಮ್ಮ.

"ಸಾಕು ತಾಯಿ... ಇನ್ನು ಕೊಯ್ಯಬೇಡಿ" ಎಂದರು ಅತ್ತೆ. ಮಗನನ್ನು ಹತ್ತಿರ ಕರೆದರು.

"ಅವತ್ತು ಬಚ್ಚಲಲ್ಲಿ ನಾನು ಸುಳ್ಳು ಹೇಳಿದೆ ಕಣೋ. ಅದಕ್ಕೂ ಹದಿನೈದು ದಿನ ಮೊದಲಿಂದ ಕಪ್ಪಗೆ ಹೋಗ್ತಿತ್ತು. ಮತ್ತೆ ಆಸ್ಪತ್ರೆಗೆ ಸೇರಿಸ್ತೀರಿ ಅನ್ನೋ ಹೆದರಿಕೆಗೆ ಬಾಯಿ ಬಿಡಲಿಲ್ಲ... ರಕ್ತ ಕಂಡಾಗ ತಪ್ಪನ್ನ ಇವಳ ಮೇಲೆ ಹಾಕಿದೆ. ನನ್ನ ಪರವಾಗಿ ನೀನೇ ಇವಳ ಕ್ಷಮೆ ಕೇಳೋ... ನನಗೆ ಮುಖ ಇಲ್ಲ..."

ಮಗ ಅತ್ತುಬಿಟ್ಟ. ಸೊಸೆ ಅಳಲಿಲ್ಲ. "ಮಾತಾಡ್ಬೇಡಿ ಅತ್ತೆ, ಆಯಾಸ ಆಗುತ್ತೆ" ಎಂದು ಒದ್ದೆ ಹತ್ತಿಯಿಂದ ಅವರ ತುಟಿ ಒರೆಸಿದಳು. ಮರುದಿನ ಮಧ್ಯಾಹ್ನ ಅವಳ ತೊಡೆಯ ಮೇಲೆಯೇ ಅತ್ತೆ ಕಣ್ಣು ಮುಚ್ಚಿದರು.

ಎಲ್ಲ ಮುಗಿದು ಮನೆಗೆ ಬಂದ ಮೇಲೆ ಗಂಡ ಅವಳೆದುರು ಕುಸಿದು ಕುಳಿತ.

"ನನ್ನನ್ನ ಕ್ಷಮಿಸ್ತೀಯಾ?"

ಅವಳು ಅತ್ತೆಯ ಸೀರೆಯೊಂದನ್ನು ಮಡಿಚಿ ಮಡಿಲಲ್ಲಿಟ್ಟುಕೊಂಡಳು.

"ನನಗೊಂದು ಮಾತು ಹೇಳಬಾರದಿತ್ತೇನ್ರೀ ಅವರು... ಹದಿನೈದು ದಿನ ಒಬ್ಬರೇ ಹೆದರಿಕೊಂಡು ಇದ್ರಲ್ಲ!" ಎಂದವಳೇ ಬಿಕ್ಕಿ ಬಿಕ್ಕಿ ಅಳತೊಡಗಿದಳು.